ಹುಲಿಗೆವ್ವ ನುಂಗಿದ ಮಾತು

ಬಂಡೆಗಳು ಇನ್ನೂ ಚಿಕ್ಕ ಮಕ್ಕಳಾಗಿದ್ದು, ಬೆಟ್ಟದ ಮೇಲೆ ಉರುಳಾಡಿಕೊಂಡಿದ್ದ ಕಾಲ. ಆ ಕಾಲದಲ್ಲಿ ಎಳೆಬಿಸಿಲಸೀಮೆ ಎಂಬೊಂದು ರಾಜ್ಯ. ಅದಕ್ಕೊಬ್ಬ ರಾಜನಿದ್ದ. ಒಳ್ಳೆಯವನೇ, ಆದರೆ ಈ ಕತೆಯಲ್ಲಿ ಅವನಿಗೆ ಕೆಲಸವಿಲ್ಲ, ಅರಮನೆಯಲ್ಲಿ ಆರಾಮಾಗಿ ಮಲಗಿರಲಿ. ನಮಗೆ ಬೇಕಾದವಳು ಅವನ ರಾಜ್ಯದ ಅಂಚಿನಲ್ಲಿ, ಕನ್ನಡಿಹೊಳೆಯ ದಡದಲ್ಲಿ ಹರಿಗೋಲು ನಡೆಸುತ್ತಿದ್ದ ಹುಲಿಗೆವ್ವ.

ಹರಿಗೋಲು ಅಂದರೆ ಬಿದಿರಿನ ದುಂಡು ಬುಟ್ಟಿ, ಹೊರಗೆ ತೊಗಲು, ತೊಗಲಿನ ಮೇಲೆ ರಾಳ. ದೋಣಿಗಾದರೆ ಹಿಂದೆ ಮುಂದೆ ಉಂಟು, ಹರಿಗೋಲಿಗೆ ಅದೂ ಇಲ್ಲ, ತಿರುಗುತ್ತ ತಿರುಗುತ್ತಲೇ ದಡ ಸೇರಬೇಕು. ಹುಲಿಗೆವ್ವ ಜನರನ್ನು ಆಚೆ ದಡಕ್ಕೆ ಮುಟ್ಟಿಸಿ, ಇಳಿದವರಿಗೆಲ್ಲ ಹುಟ್ಟು ಎತ್ತಿ ಹಿಡಿದು, "ಹೋಗಿ ಬಾರಪ್ಪಾ, ಹೋಗಿ ಬಾರವ್ವಾ" ಎನ್ನುತ್ತಿದ್ದಳು. ಕಳ್ಳನಿಗೂ ಅಂದಿದ್ದಳು, ಕಳ್ಳನನ್ನು ಹಿಡಿಯಲು ಹೊರಟವನಿಗೂ ಅಂದಿದ್ದಳು.

ಅದು ಬರೀ ಬಾಯುಪಚಾರವಲ್ಲ. ಆ ಸೀಮೆಯಲ್ಲಿ ದಾರಿಗಳಿಗೆ ಕಿವಿ ಇದ್ದವು. ಹೊರಟವರು "ಬರ್ತೀನಿ" ಎನ್ನಬೇಕು, ಕಳಿಸುವವರು "ಹೋಗಿ ಬಾ" ಎನ್ನಬೇಕು. ಎರಡೂ ಮಾತು ಬಿದ್ದರೆ ದಾರಿ ಇದ್ದಲ್ಲೇ ಇರುತ್ತಿತ್ತು. ಒಂದು ತಪ್ಪಿದರೂ ಸಾಕು, ಹೋದವರ ಬೆನ್ನ ಹಿಂದೆಯೇ ಚಾಪೆಯಂತೆ ಸುರುಳಿ ಸುತ್ತಿಕೊಂಡುಬಿಡುತ್ತಿತ್ತು. ಊರವರಿಗೆ ಆ ದಾರಿ ಎಂದಿನಂತೆ ಕಾಣುತ್ತಿತ್ತು. ಹೋದವರಿಗೂ ಕಳಿಸಿದವರಿಗೂ ಮಾತ್ರ ಸುರುಳಿ.

ಹುಲಿಗೆವ್ವನಿಗೆ ಒಬ್ಬಳೇ ಮಗಳು. ಹೆಸರು ಗಾಳೆವ್ವ. ಗಾಳಿಯ ಹೆಸರಿಟ್ಟು ದಡದಲ್ಲಿ ಕೂಡಿಸುತ್ತೇನೆ ಅಂದರೆ ಆಗುವ ಮಾತೇ? ಮಗಳು ಬೆಳೆದು ನಿಂತಾಗ ತಾಯಿ ಬಿದಿರು ಕಡಿದು ತಂದು, ಮೂರು ತಿಂಗಳು ಕೂತು ಒಂದು ಹೊಸ ಹರಿಗೋಲು ಹೆಣೆದಳು. ರಾಳ ಹಚ್ಚಿದ ದಿನವೇ ಗಾಳೆವ್ವ ಹೇಳಿದಳು:

"ಯವ್ವಾ, ನಾ ಮುಗಿಲಬೆಟ್ಟಕ್ಕ ಹೊಂಟೀನಿ. ಅಲ್ಲಿ ಮುಗಿಲಾನಿ ಮೇಯಿಸಾಕ ಮಂದಿ ಬೇಕಂತ."

ಆ ಸೀಮೆಯಲ್ಲಿ ಮೋಡಗಳು ಆನೆಗಳಾಗಿದ್ದವು. ಮುಗಿಲಬೆಟ್ಟದ ಮೇಲೆ ಮೇಯುತ್ತಿದ್ದವು, ಮಾವುತರು ಹೊಡೆದುಕೊಂಡು ಬಂದ ಕಡೆ ಮಳೆ ಸುರಿಸಿ ಹೋಗುತ್ತಿದ್ದವು.

"ಆನಿ ಅಲ್ಲ ಅವು, ಆವಿ," ಎಂದಳು ಹುಲಿಗೆವ್ವ. "ಆವಿ ಮ್ಯಾಲೆ ಕುಂತು ಯಾರು ಅನ್ನ ಉಂಡಾರ? ಈ ಹರಿಗೋಲು ಯಾರಿಗೆ ಕಟ್ಟಿದೆ ನಾನು?"

"ನನ್ನ ಕೇಳಿ ಕಟ್ಟಿದ್ದಿಯೇನು?"

ಮಾತಿಗೆ ಮಾತು ಬೆಳೆಯಿತು. ಬೆಳಗಾದರೆ ಹೊಳೆ ದಾಟಿಸಲು ಮತ್ತೊಬ್ಬರಿಲ್ಲ. ತಾಯಿಯೇ ಮಗಳನ್ನು ಕೂರಿಸಿಕೊಂಡು, ಆ ಹೊಸ ಹರಿಗೋಲಿನಲ್ಲೇ, ರಾಳ ಇನ್ನೂ ಅಂಟುತ್ತಿದ್ದಾಗಲೇ ಆಚೆ ದಡಕ್ಕೆ ಬಿಟ್ಟಳು. ಮಗಳು ಇಳಿದಳು. ಹುಲಿಗೆವ್ವ ಮುಖ ತಿರುಗಿಸಿ "ಹೋಗು" ಎಂದಳು. ಆಮೇಲೆ ಬೇಕಾದ್ದಕ್ಕಿಂತ ಜೋರಾಗಿ ಹುಟ್ಟಿನಿಂದ ನೀರು ಬಡಿಯುತ್ತ ಹಿಂದಿರುಗಿದಳು. ಈಚೆ ದಡ ಸೇರಿ ನೋಡಿದರೆ ಆಚೆ ದಡದ ದಾರಿ ಸುರುಳಿಯಾಗಿ ಬಿದ್ದಿತ್ತು.

"ಬರ್ತೀನಿ ಅಂತ ಒಂದು ಮಾತು ಅನ್ನಲಿಲ್ಲ ಅಕಿ," ಎಂದು ಹುಲಿಗೆವ್ವ ಅಂದಿನಿಂದ ಹರಿಗೋಲು ಹತ್ತಿದವರಿಗೆಲ್ಲ ಹೇಳಿದಳು. ಮುಗಿಲಬೆಟ್ಟದ ಕಡೆ ಹೋಗುವವರು "ಏನಾರ ಸುದ್ದಿ ಹೇಳಬೇಕೇನವ್ವಾ" ಎಂದು ಕೇಳಿದರೆ, "ಹೇಳಬೇಕಾದಕಿ ಅಕಿ" ಎನ್ನುತ್ತಿದ್ದಳು. ಆ ಕಡೆಯಿಂದ ಬರುವವರ ಕೈಲಿ ಮಗಳೂ ಏನನ್ನೂ ಹೇಳಿ ಕಳಿಸಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುತ್ತಾರಲ್ಲ, ಸುಳ್ಳಲ್ಲ.

ಮಳೆಗಾಲಗಳು ಬಂದವು, ಹೋದವು. ಗಾಳೆವ್ವನ ಆನೆಗಳು ಸೊಂಡಿಲು ತೂಗುತ್ತ ಬಂದು ಊರ ಮೇಲೆಲ್ಲ ಮಳೆ ಸುರಿಸಿದವು. ಹುಲಿಗೆವ್ವನ ಮನೆ ಮೇಲೆ ಮಾತ್ರ ಒಂದು ಹನಿ ಬೀಳಲಿಲ್ಲ. ಪಕ್ಕದ ಮನೆಯ ತಿಪ್ಪೆ ನೆನೆಯಿತು, ಇವಳ ಹಿತ್ತಲ ಹೀರೇಬಳ್ಳಿ ಒಣಗಿತು. ಎಂಥ ಸಿಟ್ಟು ಇರಬೇಕು ಅವಳಿಗೆ ಎಂದು ಹುಲಿಗೆವ್ವ ಹೊಳೆಯಿಂದ ಬಳ್ಳಿಗೆ ನೀರು ಹೊತ್ತಳು. ಹೊರುವಾಗಲೆಲ್ಲ ಮುಗಿಲು ನೋಡಿ ಬೈದಳು. ಬೈದಾದ ಮೇಲೆ, ಆ ಮುಗಿಲ ಮೇಲೆ ಎಲ್ಲಾದರೂ ಒಂದು ತಲೆ ಕಂಡೀತೇನೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ಇನ್ನೊಂದಿಷ್ಟು ಹೊತ್ತು ನಿಲ್ಲುತ್ತಿದ್ದಳು.

ಒಂದು ದಿನ ಕೌದಿ ಹೊಲಿಯುವ ಮುದುಕಿಯೊಬ್ಬಳು ಹರಿಗೋಲು ಹತ್ತಿದಳು. ಹುಲಿಗೆವ್ವನ ಕತೆಯನ್ನು ಪೂರ್ತಿ ಕೇಳಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊಳೆಗೆ ಉಗುಳಿ ಹೇಳಿದಳು:

"ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು ಅಂತಾರ. ಆಡದಽ ನುಂಗಿದ ಮಾತು ಎಲ್ಲಿ ಹೋಗ್ತೈತಿ ಅಂತ ಯಾರೂ ಕೇಳಂಗಿಲ್ಲ. ಹೊಳಿ ಕೆಳಗುಂಟ ಹೋದ್ರ ಗಂಟಲಗವಿ ಸಿಗ್ತೈತಿ, ಅಲ್ಲಿ ನುಂಗಪ್ಪ ಅಂತ ಒಬ್ಬ ಮಾಂತ್ರಿಕ ಅದಾನ. ನುಂಗಿದ ಮಾತೆಲ್ಲಾ ಅವನ ಗಡಿಗಿಗೆ ಹೋಗಿ ಬೀಳ್ತಾವ. ಅದನ್ನಽ ಉಂಡು ಬೆಳದಾನ. ನಿನ್ನ ಮಗಳು ನುಂಗಿದ 'ಬರ್ತೀನಿ' ಅಲ್ಲಿ ಇರ್ತೈತಿ, ತಗೊಂಡು ಬಾ. ದಾರಿ ಬಿಚ್ಚಿಕೊಂತೈತಿ."

ಹುಲಿಗೆವ್ವ ಮರುದಿನವೇ ಹೊರಟಳು. ಮಗಳಿಗೆಂದು ಹೆಣೆದ ಹರಿಗೋಲನ್ನು ಬೆನ್ನ ಮೇಲೆ ಮಗುಚಿ ಹಾಕಿಕೊಂಡಳು. ಹಿಂದಿನಿಂದ ನೋಡಿದವರಿಗೆ ಆಮೆಯೊಂದು ಸೀರೆಯುಟ್ಟು ನಡೆದಂತೆ ಕಾಣುತ್ತಿತ್ತು. ದಾರಿಗೆ ಸಜ್ಜೆರೊಟ್ಟಿ, ನೆಂಚಿಕೊಳ್ಳಲು ಗುರೆಳ್ಳು ಹಿಂಡಿ ಕಟ್ಟಿಕೊಂಡಳು. ಗುರೆಳ್ಳು ಅವಳಿಗೆ ಸೇರುತ್ತಿರಲಿಲ್ಲ. ಯಾರಿಗೆ ಸೇರುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲವಲ್ಲ.

ಹೊಳೆಯ ಕೆಳಗುಂಟ ನಡೆದಳು. ಹರಿಗೋಲಿನ ಅಂಚಿನಲ್ಲಿ ಏನೋ ಗಂಟಿನಂಥದ್ದು ಭುಜಕ್ಕೆ ಒತ್ತುತ್ತಿತ್ತು. ರಾಳಕ್ಕೆ ಹರಳು ಅಂಟಿರಬೇಕೆಂದು ಈ ಭುಜದಿಂದ ಆ ಭುಜಕ್ಕೆ ಬದಲಿಸಿಕೊಂಡಳು, ಆ ಭುಜದಿಂದ ಈ ಭುಜಕ್ಕೆ ಬದಲಿಸಿಕೊಂಡಳು.

ಮೊದಲು ಎದುರಾದದ್ದು ಕಣಿವೆಯ ಬಾಯಲ್ಲಿ ಕೂತಿದ್ದ ಹುಲಿ. ಬಂದವರನ್ನು ಅದು "ಎಲ್ಲಿಗೆ?" ಎಂದು ಕೇಳುತ್ತಿತ್ತು. ಇಂಥಲ್ಲಿಗೆ ಎಂದು ಹೇಳಿದವರ ಕಾಲು ಅಲ್ಲೇ ಬೇರು ಬಿಡುತ್ತಿತ್ತು. ಸುತ್ತಲಿನ ಮರಗಳಲ್ಲಿ ಕೆಲವು ರುಮಾಲು ಸುತ್ತಿಕೊಂಡಿದ್ದವು.

"ಎಲ್ಲಿಗೆ?" ಎಂದಿತು ಹುಲಿ.

ಹುಲಿಗೆವ್ವನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. "ಹೊಂಟವರನ್ನ ಎಲ್ಲಿಗೆ ಅಂತ ಕೇಳ್ತಾರೇನು? ಹೋದ ಕೆಲಸ ಆಗ್ತೈತೇನು ಹಂಗ ಕೇಳಿದ್ರ? ದೂರ ಹೊಂಟೀಯೇನವ್ವಾ ಅಂತ ಕೇಳಬೇಕು. ನಿಮ್ಮವ್ವ ಇಷ್ಟೂ ಕಲಿಸಲಿಲ್ಲೇನು ನಿನಗ?"

ಹುಲಿ ಮೀಸೆ ಇಳಿಸಿತು. "ನಾ ದೊಡ್ಡಾಂವ ಆದೆ, ಬ್ಯಾರೆ ಕಾಡಿಗೆ ಬಂದೆ. ನಮ್ಮವ್ವನ್ನ ನೋಡಿ ಭಾಳ ದಿನ ಆತು," ಎಂದಿತು. ಸ್ವಲ್ಪ ಹೊತ್ತು ಬಾಲ ನೋಡಿಕೊಂಡು ಕೂತು, ಆಮೇಲೆ ಮೆಲ್ಲಗೆ ಕೇಳಿತು: "ದೂರ ಹೊಂಟೀಯೇನವ್ವಾ?"

"ದೂರಪ್ಪಾ. ಭಾಳ ದೂರ," ಎಂದಳು ಹುಲಿಗೆವ್ವ. ಇಷ್ಟು ದಿನ ಮಗಳ ಮೇಲಿನ ಸಿಟ್ಟನ್ನು ಎಲ್ಲರಿಗೂ ಹೇಳಿದ್ದಳು, ಮಗಳು ದೂರ ಇದ್ದಾಳೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಹುಲಿ ಎದ್ದು ದಾರಿ ಬಿಟ್ಟಿತು.

ಎರಡನೆಯದು ಕಪ್ಪುಮಡು. ದಡದಲ್ಲಿ ಮುದಿ ಮೊಸಳೆಯೊಂದು ಮಲಗಿತ್ತು. "ನಿನ್ನ ಕೂಸಿನ ಸುದ್ದಿ ಒಂದು ಹೇಳು, ದಾಟಿ ಹೋಗು," ಎಂದಿತು.

ಇದಕ್ಕೇನು ಕಷ್ಟ ಎಂದು ಹುಲಿಗೆವ್ವ ಹರಿಗೋಲು ಇಳಿಸಿ ಹತ್ತಿ ಕೂತಳು. "ನನ್ನ ಮಗಳು ಭಾಳ ಜಾಣಿ. ಆದ್ರ ಹಟಮಾರಿ," ಎಂದಳು. ಹರಿಗೋಲು ಒಂದು ಗೇಣು ಮುಳುಗಿತು.

"ಕೈ ಭಾಳ ಚುರುಕು ಅಕೀದು. ಆದ್ರ ಹೇಳಿದ ಮಾತು ಕೇಳಂಗಿಲ್ಲ," ಎಂದಳು. ಹರಿಗೋಲು ಇನ್ನೊಂದು ಗೇಣು ಮುಳುಗಿತು. ನೀರು ಅಂಚಿಗೆ ಬಂತು.

"ಆ 'ಆದ್ರ' ಐತಲ್ಲ, ಅದು ಕಲ್ಲಿಗಿಂತ ಭಾರ," ಎಂದಿತು ಮೊಸಳೆ. "ಅದನ್ನ ಬಿಟ್ಟು ಹೇಳವ್ವಾ."

ಹುಲಿಗೆವ್ವ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದಳು. ಆಮೇಲೆ ಹೇಳಿದಳು: "ಸಣ್ಣಾಕಿ ಇದ್ದಾಗ ರೊಟ್ಟಿ ಕೊಟ್ರ ಮೊದಲ ತುತ್ತು ತಾನು ತಿಂತಿರಲಿಲ್ಲ. ಅಂಗಳಕ್ಕ ಓಡಿ ಹೋಗಿ ಮುಗಿಲಿಗೆ ಎತ್ತಿ ಹಿಡೀತಿದ್ಲು. ಆನಿಗೆ ಹಸಿವಾಗೈತಿ ಅಂತಿದ್ಲು. ಕೈ ಸೋತು ಕೆಳಗ ಬರೂತನಕ ಹಿಡೀತಿದ್ಲು. ಅದಕ್ಕ ನಾನು..." ಅಲ್ಲಿಗೆ ನಿಂತಳು. "ಅದಕ್ಕ ನಾನು ದಿನಾ ಮುಗಿಲಿಗಂತ ಒಂದು ರೊಟ್ಟಿ ಹೆಚ್ಚಿಗೆ ಬಡೀತಿದ್ದೆ."

ಹರಿಗೋಲು ಬೆಂಡಿನಂತೆ ಮೇಲೆ ತೇಲಿತು. ಹುಲಿಗೆವ್ವ ಹುಟ್ಟು ಹಾಕುತ್ತ ಆಚೆ ದಡ ಸೇರಿದಳು. ಆನೆಯ ಹುಚ್ಚು ಮಗಳಿಗೆ ಎಲ್ಲಿಂದ ಹತ್ತಿತು ಎಂದು ಊರಿನವರನ್ನೆಲ್ಲ ಕೇಳಿದ್ದಳು. ಆ ಹುಚ್ಚಿಗೆ ದಿನಾ ಒಂದು ರೊಟ್ಟಿ ಹಾಕಿ ಸಾಕಿದವಳು ತಾನೇ ಎಂದು ಈಗ ತಿಳಿಯಿತು.

ಮೂರನೆಯದು ಗಂಟಲಗವಿ. ಒಳಗೆ ಮೂಲೆಮೂಲೆಗೂ ಗಡಿಗೆ ಪೇರಿಸಿತ್ತು. ನಡುವೆ ನುಂಗಪ್ಪ ಕೂತಿದ್ದ. ಎದ್ದೇಳಲು ಆಗದಷ್ಟು ದಪ್ಪ, ಮೈ ಯಾವುದು ಗವಿ ಯಾವುದು ಗೊತ್ತಾಗುತ್ತಿರಲಿಲ್ಲ.

"ನನ್ನ ಮಗಳು ನುಂಗಿದ ಮಾತು ನಿನ್ನ ಹತ್ರ ಐತಂತ. ಕೊಡು," ಎಂದಳು ಹುಲಿಗೆವ್ವ.

"ಹುಡುಕಿಕೋ," ಎಂದ ನುಂಗಪ್ಪ, ಒಂದು ಗಡಿಗೆ ಎತ್ತಿ ಗಟಗಟ ಕುಡಿಯುತ್ತ.

ಹುಲಿಗೆವ್ವ ಒಂದೊಂದು ಗಡಿಗೆಗೂ ಕಿವಿಯಿಟ್ಟಳು. ಒಂದರಲ್ಲಿ ಯಾರೋ ಗಂಡಸು "ನಂದಽ ತಪ್ಪಾತು" ಎನ್ನುತ್ತಿದ್ದ. ಒಂದರಲ್ಲಿ "ಊಟ ಆತೇನು" ಎಂದಿತ್ತು. ಇನ್ನೊಂದರಲ್ಲಿ "ಇನ್ನೊಂಚೂರು ಕುಂದ್ರು" ಎಂದಿತ್ತು. ಇಷ್ಟಿಷ್ಟೇ ಮಾತುಗಳು. ಆಡಲು ಒಂದು ಉಸಿರೂ ಬೇಡವಾಗಿತ್ತು. ಕೊನೆಗೆ ತನ್ನದೇ ಹಳೇ ಸೀರೆಯ ಸೆರಗಿನ ತುಂಡಿನಿಂದ ಬಾಯಿ ಕಟ್ಟಿದ ಗಡಿಗೆಯೊಂದು ಸಿಕ್ಕಿತು. ಆ ತುಂಡನ್ನು ಮಗಳೇ ಒಯ್ದಿರಬೇಕೆಂದು ಕಿವಿಯಿಟ್ಟಳು. ಒಳಗೆ ಇದ್ದದ್ದು ಮಗಳ ದನಿಯಲ್ಲ. ಅವಳದೇ ದನಿ. "ಬಾ" ಎಂಬ ಒಂದೇ ಅಕ್ಷರ, ರೆಕ್ಕೆ ಮೂಡದ ಮರಿಯಂತೆ ಮುದುರಿ ಕೂತಿತ್ತು.

"ಇದು ನಂದು," ಎಂದಳು.

"ನಿಂದಽ," ಎಂದ ನುಂಗಪ್ಪ. "ಆವತ್ತು 'ಹೋಗು' ಅಂದಿ, ಉಳಿದದ್ದು ನುಂಗಿದಿ. ತಾಯೇರ ಮಾತು ಭಾಳ ರುಚಿ. ಹಬ್ಬಕ್ಕಂತ ಎತ್ತಿಟ್ಟೀನಿ."

"ಮತ್ತ ಅಕೀದು?"

"ಅಕಿ ನುಂಗಿಲ್ಲ, ಆಡ್ಯಾಳ. ಆಡಿದ ಮಾತು ನನಗ ಬರಂಗಿಲ್ಲ. ಕೇಳವರು ಇಲ್ಲಂದ್ರ ಅದು ಹತ್ರ ಏನಿರ್ತೈತೋ ಅದಕ್ಕ ಅಂಟಿಕೊಂತೈತಿ."

ಹುಲಿಗೆವ್ವನ ಕೈ ತಾನಾಗಿ ಭುಜಕ್ಕೆ ಹೋಯಿತು. ಹರಿಗೋಲು ಇಳಿಸಿ ಅಂಚು ಸವರಿದಳು. ರಾಳದಲ್ಲಿ ಹುಣಸೆಬೀಜದಷ್ಟು ಒಂದು ಗಂಟು. ಉಗುರಿನಿಂದ ಕೆರೆದಳು. ಗಂಟು ಬಿಚ್ಚಿಕೊಂಡು, ಹೊಳೆಯ ಗಾಳಿಯೊಂದಿಗೆ ಮಗಳ ದನಿ ಬಂತು: "ಬರ್ತೀನಿ ಯವ್ವಾ." ಹಿಂದೆಯೇ ನೀರು ಬಡಿಯುವ ಸದ್ದು. ಸದ್ದಿನ ನಡುವೆ ಇನ್ನೊಮ್ಮೆ, ಸ್ವಲ್ಪ ಜೋರಾಗಿ: "ಯವ್ವಾ, ಬರ್ತೀನಿ."

ಎರಡು ಸಲ ಹೇಳಿದ್ದಳು ಮಗಳು. ಆ ಮಾತನ್ನು ಇಷ್ಟು ವರ್ಷ ಹರಿಗೋಲಿನ ಅಂಚಿನಲ್ಲಿಟ್ಟುಕೊಂಡು, ಅದೇ ಹರಿಗೋಲಿನಲ್ಲಿ ಕೂತವರಿಗೆಲ್ಲ, ಅಕಿ ಒಂದು ಮಾತು ಅನ್ನಲಿಲ್ಲ ಎಂದು ಹೇಳಿದವಳು ತಾನು. ಹುಲಿಗೆವ್ವ ನೆಲಕ್ಕೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಗಡಿಗೆಯ ಬಾಯಿ ಬಿಚ್ಚಿ, "ಬಾ" ಎಂದಳು. ಅಕ್ಷರ ಅಲುಗಲಿಲ್ಲ. "ಬಾ, ಬಾ" ಎಂದು ಬೇಡಿಕೊಂಡಳು. ಅಲುಗಲಿಲ್ಲ.

ನುಂಗಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಮಾಂತ್ರಿಕರ ದೊಡ್ಡ ರೋಗ ಜಂಬ, ಕೇಳದಿದ್ದರೂ ಗುಟ್ಟು ಹೇಳಿಬಿಡುತ್ತಾರೆ. "ಎಲ್ಲಾರೂ ಇಲ್ಲಿಗೆ ಬಂದು ಬಾ ಬಾ ಅಂತ ಅಳೋರಽ. ಬರೀ 'ಬಾ' ಅನ್ನೋದಕ್ಕ ಕಾಲಿಲ್ಲ ಹುಲಿಗೆವ್ವಾ. ಅದರ ಕಾಲು 'ಹೋಗಿ'. ಅದನ್ನ ಮನಸಾರೆ ಅಂದ ತಾಯಿ ಇಲ್ಲಿತನಕ ಬಂದಿಲ್ಲ, ಅದಕ್ಕಽ ನಾ ಇಷ್ಟು ದಪ್ಪ ಅದೀನಿ."

"ಹೋಗಿ ಬಾ," ಎಂದಳು ಹುಲಿಗೆವ್ವ. ನಾಲಗೆಗೆ ರೂಢಿಯಾದ ಮಾತು, ಕಳ್ಳನಿಗೆ ಅಂದಂತೆ ಅಂದಳು. ಗಡಿಗೆ ಸುಮ್ಮನಿತ್ತು. "ಹೋಗಿ ಲಗೂನ ಬಾ, ಬಂದು ನನ್ನ ಹತ್ರ ಇರು," ಎಂದಳು. ಗಡಿಗೆ ಒಮ್ಮೆ ಅಲುಗಿ ಮತ್ತೆ ಸುಮ್ಮನಾಯಿತು.

ಮೂರನೆಯ ಸಲ ಕಣ್ಣು ಮುಚ್ಚಿದಳು. ಅಂಗಳದಲ್ಲಿ ರೊಟ್ಟಿ ಎತ್ತಿ ಹಿಡಿದ ಪುಟ್ಟ ಕೈ ಕಂಡಿತು. ಆ ಕೈ ಈಗ ಆನೆಯನ್ನು ಮುಟ್ಟಿದೆ, ಅದಕ್ಕಿಂತ ದೊಡ್ಡ ಸಂತೋಷ ಆ ಕೈಗೆ ಇನ್ನೇನಿದೆ ಅನ್ನಿಸಿತು. ತಾನು ಹೆಣೆದ ಹರಿಗೋಲು ಮಗಳಿಲ್ಲದೇ ಉಳಿದರೂ ಉಳಿಯಲಿ ಅನ್ನಿಸಿತು. "ಹೋಗವ್ವಾ," ಎಂದಳು. "ನಿನ್ನ ಆನಿ ನಿನ್ನ ದಾರಿ ಕಾಯ್ತಿರ್ತಾವ. ಹೋಗಿ ಬಾ."

ಗಡಿಗೆ ಟಪ್ಪೆಂದು ಒಡೆಯಿತು. ಅದರ ಪಕ್ಕದ್ದು ಒಡೆಯಿತು, ಅದರ ಪಕ್ಕದ್ದೂ ಒಡೆಯಿತು. ಸೀಮೆಯವರೆಲ್ಲ ನುಂಗಿದ್ದ ಮಾತುಗಳು ಗುಬ್ಬಿಗಳಂತೆ ಗದ್ದಲ ಮಾಡುತ್ತ ತಮ್ಮ ತಮ್ಮ ಮನೆಗೆ ಹಾರಿದವು. ಕಣಿವೆಯ ಮರಗಳು ಬೇರು ಕಿತ್ತುಕೊಂಡು, ರುಮಾಲು ಸರಿಮಾಡಿಕೊಂಡು ಊರ ದಾರಿ ಹಿಡಿದವು. ಹುಲಿ ತನ್ನವ್ವನನ್ನು ನೋಡಲು ಹೋಯಿತು. ನುಂಗಪ್ಪ ಇಳಿದು ಇಳಿದು ಒಬ್ಬ ಸಣಕಲು ಮನುಷ್ಯನಾಗಿ ಕೆಮ್ಮುತ್ತ, "ಹಸಿವು" ಎಂದ. ಹುಲಿಗೆವ್ವ ಅವನಿಗೆ ಎರಡು ರೊಟ್ಟಿ ಕೊಟ್ಟಳು. ಗುರೆಳ್ಳು ಹಿಂಡಿ ಕೊಡಲಿಲ್ಲ.

ಗವಿಯ ಹೊರಗೆ ಮುಗಿಲಬೆಟ್ಟದ ದಾರಿ ತಾನಾಗಿ ಬಿಚ್ಚಿಕೊಂಡು ಬಿದ್ದಿತ್ತು. ಈ ತುದಿಯಿಂದ ತಾಯಿ ನಡೆದಳು. ದಾರಿ ಬಿಚ್ಚಿಕೊಂಡದ್ದನ್ನು ಬೆಟ್ಟದ ಮೇಲಿಂದ ನೋಡಿದ ಮಗಳು ಆ ತುದಿಯಿಂದ ಓಡಿ ಬಂದಳು. ಇಬ್ಬರೂ ನಡುದಾರಿಯಲ್ಲಿ ಎದುರಾದರು. ಗಾಳೆವ್ವನ ಕೂದಲಲ್ಲಿ ಮಂಜಿನ ಹನಿ, ಹಿಂದೆ ಒಂದು ಮರಿಯಾನೆ.

"ಊಟ ಆತೇನು?" ಎಂದಳು ಹುಲಿಗೆವ್ವ.

"ಇಲ್ಲ," ಎಂದು ಗಾಳೆವ್ವ ಅವಳ ಕೈಲಿದ್ದ ಗಂಟು ನೋಡಿದಳು. "ಗುರೆಳ್ಳು ಹಿಂಡಿ ವಾಸನಿ. ನೀ ತಿನ್ನಂಗಿಲ್ಲಲ್ಲ ಯವ್ವಾ."

"ದಾರ್ಯಾಗ ಯಾರಾರ ಸಿಕ್ಕಾರು ಅಂತ ತಂದೆ."

ಅಲ್ಲೇ ಬಂಡೆಯ ಮೇಲೆ ಕೂತು ಉಂಡರು. ಮೊದಲ ತುತ್ತನ್ನು ಗಾಳೆವ್ವ ಮರಿಯಾನೆಗೆ ಎತ್ತಿ ಹಿಡಿದಳು. ಅದು ಸೊಂಡಿಲು ಚಾಚಿ ತೆಗೆದುಕೊಂಡಿತು. ಹುಲಿಗೆವ್ವ ಅದನ್ನೇ ನೋಡುತ್ತ ಹೇಳಿದಳು: "ನೀ ಬರ್ತೀನಿ ಅಂದಿದ್ದು ನನಗ ಮೊನ್ನೆ ಕೇಳಿಸಿತವ್ವಾ. ನಾನಽ ಹೋಗಿ ಬಾ ಅನ್ನಲಿಲ್ಲ. ನಂದು ತಪ್ಪು."

"ನಾನೂ ಹಟ ಮಾಡಿದೆ. ಯಾರ ಕೂಡನಾರ ಹೇಳಿ ಕಳಸಬೇಕಿತ್ತು," ಎಂದಳು ಗಾಳೆವ್ವ.

"ಆದ್ರ..." ಎಂದು ಶುರುಮಾಡಿದ ಹುಲಿಗೆವ್ವ ಮೊಸಳೆಯನ್ನು ನೆನೆದು ಆ ಮಾತನ್ನು ಬಿಟ್ಟಳು. "ಒಂದು ಕೇಳ್ತೀನಿ. ಊರ ಮ್ಯಾಲೆಲ್ಲಾ ಮಳಿ ಸುರಿಸಿ ನನ್ನ ಮನಿ ಮ್ಯಾಲೆ ಒಂದು ಹನಿ ಹಾಕಲಿಲ್ಲ ನೀನು. ಅಷ್ಟು ಸಿಟ್ಟು ಇತ್ತೇನು?"

ಗಾಳೆವ್ವ ಕಣ್ಣರಳಿಸಿದಳು. "ಸಿಟ್ಟಾ? ನಮ್ಮ ಸೂರು ಸೋರ್ತಿತ್ತಲ್ಲ ಯವ್ವಾ. ಮಳಿ ಬಂದಾಗೆಲ್ಲಾ ನೀ ನಿದ್ದಿ ಬಿಟ್ಟು, ಸೋರೋ ಕಡೆ ಗಡಿಗಿ ಇಟಗೊಂತ ಓಡಾಡ್ತಿದ್ದಿ. ಅದಕ್ಕ ಆನಿಗೆಲ್ಲಾ ಹೇಳಿದ್ದೆ, ಆ ಮನಿ ಒಂದನ್ನ ಬಿಟ್ಟು ಹೋಗ್ರಿ, ನಮ್ಮವ್ವ ಮಲಗ್ಯಾಳ ಅಂತ."

ಹುಲಿಗೆವ್ವ ಹತ್ತಿರ ಸರಿದಳು. ಮಗಳ ತಲೆ ಎಳೆದುಕೊಂಡು, ಮಂಜಿನ ಹನಿಗಳನ್ನು ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು.

"ಹೀರೇಬಳ್ಳಿಗೆ ನೀರು ಹೊತ್ತು ಹೊತ್ತು ನಿನ್ನ ಭಾಳ ಬೈದೆ," ಎಂದಳು ಆಮೇಲೆ.

"ಕೇಳಸ್ತಿತ್ತು," ಎಂದು ಗಾಳೆವ್ವ ನಕ್ಕಳು. "ಬೈಗಳ ನೀ ಯಾವತ್ತು ನುಂಗೀದಿ?"

ತಾಯಿ ಮುಗಿಲಬೆಟ್ಟದಲ್ಲಿ ಹುಣ್ಣಿಮೆಯವರೆಗೆ ಇದ್ದಳು. ಆನೆಗಳ ಹೆಸರು ಕಲಿತಳು, ಆವಿ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಊರಿಗೆ ಬಾ ಎಂದು ಮಗಳನ್ನು ಕರೆಯಲಿಲ್ಲ, ಯಾವಾಗ ಬರುತ್ತಿ ಎಂದು ಕೇಳಲೂ ಇಲ್ಲ. ಹರಿಗೋಲನ್ನು ಮಗಳು ಅಲ್ಲೇ ಇಟ್ಟುಕೊಂಡಳು, ತಾಯಿಗೆ ಹೊಳೆಯಲ್ಲಿ ಹಳೆಯದು ಇದ್ದೇ ಇತ್ತು. ಅದರಲ್ಲಿ ನೀರು ತುಂಬಿಸಿದರೆ ಮರಿಯಾನೆಗೆ ಕುಡಿಯಲು ಸರಿಯಾಗುತ್ತಿತ್ತು. ಹೊರಡುವ ದಿನ ಹುಲಿಗೆವ್ವ ಮಗಳ ಹೊಸಿಲು ದಾಟಿ ನಿಂತು, "ಬರ್ತೀನವ್ವಾ" ಎಂದಳು. ಈ ಮಾತನ್ನು ಹೇಳುವ ಸರದಿ ತನ್ನದಾಗಿದ್ದು ಇದೇ ಮೊದಲು. ಹೊಸಿಲಿನ ಒಳಗೆ ನಿಂತು ಗಾಳೆವ್ವ ಬೆಟ್ಟಕ್ಕೆಲ್ಲ ಕೇಳುವಂತೆ, "ಹೋಗಿ ಬಾ ಯವ್ವಾ" ಎಂದಳು. ದಾರಿ ಇದ್ದಲ್ಲೇ ಇತ್ತು.

ಮನೆಗೆ ಬಂದವಳೇ ಹುಲಿಗೆವ್ವ ಮಾಡಿದ ಮೊದಲ ಕೆಲಸ ಸೂರಿಗೆ ಹೊಸ ಹುಲ್ಲು ಹೊದಿಸಿದ್ದು. ಮುಗಿಲಬೆಟ್ಟದ ಕಡೆ ಹೊರಟವನೊಬ್ಬನನ್ನು ಹಿಡಿದು, "ನಮ್ಮ ಗಾಳೆವ್ವಗ ಹೇಳಪ್ಪಾ, ಮನಿ ಸೋರಂಗಿಲ್ಲ ಈಗ ಅಂತ" ಎಂದು ಹೇಳಿ ಕಳಿಸಿದಳು. ಆ ವಾರವೇ ಆನೆಗಳ ಹಿಂಡು ಬಂತು. ಒಂದು ಮರಿಯಾನೆ ಹಿಂಡು ಬಿಟ್ಟು ಬಂದು ಅವಳ ಮನೆಯ ಮೇಲೆ ಬಾಗಿ, ಸೂರು, ಅಂಗಳ, ಹೀರೇಬಳ್ಳಿ ಎಲ್ಲವನ್ನೂ ನೆನೆಸಿತು. ಹುಲಿಗೆವ್ವ ಅಂಗಳದಲ್ಲಿ ನೆನೆಯುತ್ತ ನಿಂತು, ಅವತ್ತು ಹೆಚ್ಚಿಗೆ ಬಡಿದಿದ್ದ ರೊಟ್ಟಿಯನ್ನು ಕೈ ಸೋಲುವವರೆಗೆ ಎತ್ತಿ ಹಿಡಿದಳು.

ಅವರಿಬ್ಬರ ನಡುವಿನ ದಾರಿ ಅಂದಿನಿಂದ ಹುಲ್ಲು ಬೆಳೆಯಲು ಬಿಡುವಿಲ್ಲದಂತೆ ಸವೆಯಿತು. ಅವರೂ ಚೆನ್ನಾಗಿದ್ದಾರೆ, ಸೀಮೆಯೂ ಚೆನ್ನಾಗಿದೆ, ರಾಜನಿಗೆ ಮಾತ್ರ ಇನ್ನೂ ಎಚ್ಚರವಾಗಿಲ್ಲ. ನನ್ನ ಕತೆ ಇಲ್ಲಿಗೆ ದಡ ಸೇರಿತು. ನೀವೂ ಎದ್ದಿರಾ? ಎಲ್ಲಿಗೆ ಅಂತ ಕೇಳುವುದಿಲ್ಲ. ಹೋಗಿ ಬನ್ನಿ.